ಮೇಯೋ ಹಾಲ್ ಮತ್ತು ನಮ್ಮ ದಂಡನೀತಿ

ಶಿಕ್ಷೆ ಯಾಕೆ ಎಂಬ ಪ್ರಶ್ನೆಗೆ ಲಾ ಕಾಲೇಜಿನ ಪುಸ್ತಕಗಳು ಮೂರು ಉತ್ತರ ಹೇಳಿಕೊಡುತ್ತವೆ. ಮಾಡಿದ್ದಕ್ಕೆ ತಕ್ಕ ಪ್ರತಿಫಲ, ನೋಡುವವರಿಗೆ ಹೆದರಿಕೆ, ತಪ್ಪಿತಸ್ಥನ ಸುಧಾರಣೆ. ಮೂರೂ ಕೇಳೋಕೆ ಚಂದವೇ. ಆದರೆ ಶಿಕ್ಷೆಯು ಕೃತ್ಯದ ಬೆನ್ನು ಹತ್ತಿ ಬರುತ್ತದೆ ಅನ್ನೋದನ್ನ ಮೂರೂ ಮೊದಲೇ ನಂಬಿಬಿಟ್ಟಿವೆ. ಈ ನೆಲದಲ್ಲಿ ಅದು ಹುಟ್ಟಿನ ಬೆನ್ನು ಹತ್ತಿ ಬಂದಿದೆ. ಸಿಟ್ಟಿಗೆ ಹೇಳ್ತಿರುವ ಮಾತಲ್ಲ ಗೆಳೆಯರೆ, ಅವರೇ ಬರೆದಿಟ್ಟಿದ್ದಾರೆ.

ಮನುವಿನ 8ನೇ ಅಧ್ಯಾಯ ತೆಗೆಯಿರಿ. ಬ್ರಾಹ್ಮಣ ಶೂದ್ರನನ್ನು ಬೈದರೆ 12 ಪಣ ದಂಡ. ಶೂದ್ರ ದ್ವಿಜನನ್ನು ಬೈದರೆ ನಾಲಿಗೆ ಕೊಯ್ಯಬೇಕು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರು ಈ ಪುಸ್ತಕವನ್ನು ಸುಟ್ಟರು. ಅದರ ಕಿಡಿ ಜೈಲಿನ ಕೈಪಿಡಿಗಳಿಗೆ ತಾಗಲಿಲ್ಲ. ಉತ್ತರ ಪ್ರದೇಶದ ಕೈಪಿಡಿಯಲ್ಲಿ ಒಂದು ನಿಯಮವಿತ್ತು: ಸಾದಾ ಸಜೆಯ ಕೈದಿಗೆ ಹೀನ ಕೆಲಸ ಹೇಳಬಾರದು, ಆದರೆ ಅಂಥ ಕೆಲಸ ಮಾಡಿ ರೂಢಿಯಿರುವ ಸಮುದಾಯದವನಾದರೆ ಹೇಳಬಹುದು. ಪಶ್ಚಿಮ ಬಂಗಾಳದ್ದು ಅಡಿಗೆ ಮಾಡುವವನು ತಕ್ಕ ಜಾತಿಯವನಾಗಿರಬೇಕು ಎನ್ನುತ್ತಿತ್ತು. ಕಳ್ಳನೋ ಕೊಲೆಗಡುಕನೋ ಆಮೇಲೆ ನೋಡೋಣ, ಮೊದಲು ಕಕ್ಕಸು ಯಾರು ಬಳಿಯಬೇಕು ಹೇಳು ಅನ್ನೋ ಭಾಷೆ ಇದು. ಸುಧಾರಣೆ ಅಂದರೆ ಇದೇನಾ? ಹೊರಗೆ ಪೊರಕೆ ಹಿಡಿದವನಿಗೆ ಒಳಗೂ ಪೊರಕೆ!

ಸುಪ್ರೀಂ ಕೋರ್ಟು ಇವನ್ನೆಲ್ಲ ತೆಗೆದುಹಾಕಿದ್ದು 2024ರ ಅಕ್ಟೋಬರ್ 3ರಂದು. ಅದೂ ಸುಕನ್ಯಾ ಶಾಂತಾ ಎಂಬ ಪತ್ರಕರ್ತೆ ಹೋಗಿ ಕೇಳಿದ ಮೇಲೆ. ಸಂವಿಧಾನ ಬಂದು 74 ವರ್ಷ ಕಳೆದಿತ್ತು. ಅಸ್ಪೃಶ್ಯತೆಯನ್ನು ರದ್ದು ಮಾಡಿದ 17ನೇ ವಿಧಿಗೆ ಜೈಲಿನ ಬಾಗಿಲು ದಾಟಲು ಅಷ್ಟು ವರ್ಷ ಬೇಕಾಯಿತು.

ಈಗ ನಮ್ಮ ದಂಡಿಗೆ ಬರೋಣ. ಎಂ.ಜಿ. ರಸ್ತೆಯ ಪಕ್ಕದ ಮೇಯೋ ಹಾಲ್ ಆವರಣದಲ್ಲಿ ಕೋರ್ಟುಗಳಿವೆ. ಪೂರ್ವ ಬೆಂಗಳೂರಿನ ಎಷ್ಟೋ ಹೈಕಳನ್ನು ಪೊಲೀಸರು ತಂದು ನಿಲ್ಲಿಸೋದು ಅಲ್ಲಿ. ಈ ಮೇಯೋ ಯಾರು? 1869ರಿಂದ ವೈಸರಾಯ್ ಆಗಿದ್ದವನು. ಅವನ ಆಳ್ವಿಕೆಯಲ್ಲೇ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂದದ್ದು. ಇಡೀ ಬುಡಕಟ್ಟನ್ನೇ ಅಪರಾಧಿ ಎಂದು ರಿಜಿಸ್ಟರಿನಲ್ಲಿ ಬರೆದುಕೊಳ್ಳುವ, ಕೂಸು ತೊಟ್ಟಿಲಲ್ಲಿರುವಾಗಲೇ ಸಂಶಯಿತನಾಗುವ ಕಾಯ್ದೆ. ಮರುವರ್ಷ ಫೆಬ್ರವರಿ 8ರಂದು ಅಂಡಮಾನಿನ ಕೈದಿಗಳ ವಸಾಹತು ನೋಡಲು ಹೋದ ಮೇಯೋನನ್ನು ಶೇರ್ ಅಲಿ ಅಫ್ರಿದಿ ಎಂಬ ಕೈದಿ ಇರಿದು ಕೊಂದ. ದಂಡಿನ ದೊರೆಗಳು 1883ರಲ್ಲಿ ಅವನ ನೆನಪಿಗೆ ಈ ಕಟ್ಟಡ ತೆರೆದರು. ಕಾಯ್ದೆ 1952ರಲ್ಲಿ ರದ್ದಾಯಿತು. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ನಮ್ಮ ಮೈಸೂರು ರಾಜ್ಯವೂ 1961ರಲ್ಲಿ ಒಂದು ಮಾಡಿಕೊಂಡಿತು.

ಇಂಥ ಕೋರ್ಟಿನಲ್ಲಿ ಜಾಮೀನು ಅಂದರೇನು? ಶ್ಯೂರಿಟಿಗೆ ಪಹಣಿ ತನ್ನಿ, ಮನೆ ಕಂದಾಯದ ರಶೀದಿ ತನ್ನಿ. ಜಮೀನಿಲ್ಲದವನಿಗೆ ಜಾಮೀನಿಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು ಎಂದು ಸರ್ಕಾರದ ಲೆಕ್ಕವೇ ಹೇಳುತ್ತದೆ. ನಾಲ್ವರಲ್ಲಿ ಮೂವರು ಇನ್ನೂ ಅಪರಾಧಿಗಳೇ ಅಲ್ಲ! ಪುಸ್ತಕದ ಮೂರು ಉತ್ತರಗಳಲ್ಲಿ ಯಾವುದನ್ನು ಇವರಿಗೆ ಹೇಳೋದು? ಅತ್ತ ಪರಪ್ಪನ ಅಗ್ರಹಾರದ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಸಿಗರೇಟು ಹಿಡಿದ ಸಿನಿಮಾ ನಟನ ಫೋಟೋವನ್ನು 2024ರ ಆಗಸ್ಟಿನಲ್ಲಿ ನಾಡೇ ನೋಡಿತು. ಅವನೂ ವಿಚಾರಣಾಧೀನನೇ.

ಕಷ್ಟದ ಮಾತು ಇನ್ನು ಮೇಲಿದೆ. ಟ್ಯಾನರಿ ರಸ್ತೆ ಹಿಡಿದು ಹೋದರೆ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ. ಅಂಬೇಡ್ಕರ್ ಹೆಸರಿನ ಮೆಡಿಕಲ್ ಕಾಲೇಜು ಇರುವ ಕಡೆ. 2020ರ ಆಗಸ್ಟ್ 11ರ ರಾತ್ರಿ ಒಂದು ಫೇಸ್‌ಬುಕ್ ಬರಹದ ನೆಪದಲ್ಲಿ ಗುಂಪು ಸೇರಿ ದಲಿತ ಶಾಸಕರೊಬ್ಬರ ಮನೆ ಸುಟ್ಟಿತು, ಪೊಲೀಸ್ ಠಾಣೆಗಳ ಮೇಲೆ ಬಿತ್ತು. ಗೋಲಿಬಾರಾಯಿತು, ಜನ ಸತ್ತರು. ನೂರಾರು ಮಂದಿಯನ್ನು ಹಿಡಿದರು, ಯುಎಪಿಎ ಹಾಕಿದರು. ಮನೆ ಸುಟ್ಟವರನ್ನು ಸುಮ್ಮನೆ ಬಿಡಿ ಅಂತ ನಾನು ಹೇಳಲಾರೆ. ಆದರೆ ತನಿಖೆಯ ಗಡುವನ್ನು ಆರೋಪಿಗಳ ಮಾತೇ ಕೇಳದೆ ವಿಸ್ತರಿಸಿದ್ದು ತಪ್ಪು ಎಂದು 2021ರ ಜೂನಿನಲ್ಲಿ ಹೈಕೋರ್ಟು 115 ಮಂದಿಗೆ ಜಾಮೀನು ಕೊಟ್ಟಿತಲ್ಲ, ಅಷ್ಟೂ ತಿಂಗಳು ಅವರು ಉಂಡದ್ದು ಯಾವ ತೀರ್ಪಿನ ಶಿಕ್ಷೆ? ತಪ್ಪೊಪ್ಪಿಕೊಂಡ ಮೂವರಿಗೆ 7 ವರ್ಷದ ಸಜೆ ಎಂಬ ತೀರ್ಪು ಬಂದದ್ದು 2025ರ ಜುಲೈಯಲ್ಲಿ. ಸುಟ್ಟ ಮನೆಯವರೂ ಐದು ವರ್ಷ ಕಾದರು.

ಹಲಸೂರಿನಿಂದ ಹಳೇ ಮದ್ರಾಸು ರಸ್ತೆ ಹಿಡಿಯಿರಿ. ಇಂದಿರಾನಗರ, ಕೆ.ಆರ್. ಪುರಂ, ಹೊಸಕೋಟೆ ದಾಟಿ ಚಿಂತಾಮಣಿ ಕಡೆ ತಿರುಗಿದರೆ ಕಂಬಾಲಪಲ್ಲಿ ಆ ತಾಲ್ಲೂಕಿನದು. 2000ದ ಮಾರ್ಚ್ 11ರಂದು ಅಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಯುಎಪಿಎ ಯಾರ ನೆನಪಿಗೂ ಬರಲಿಲ್ಲ. ಸಾಕ್ಷಿಗಳು ತಿರುಗಿಬಿದ್ದರು. ಅದೇ ಊರಿನ ನೀರು ಕುಡಿದು ಬದುಕಬೇಕಾದ ಸಾಕ್ಷಿ ಇನ್ನೇನು ಮಾಡಿಯಾನು? 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಅಮೆರಿಕದ ಕರಿಯ ಹೋರಾಟಗಾರ್ತಿ ಏಂಜೆಲಾ ಡೇವಿಸ್ 1970ರಲ್ಲಿ ಬಂಧಿತಳಾಗಿ, 1972ರಲ್ಲಿ ನಿರಪರಾಧಿ ಎನಿಸಿಕೊಂಡು ಹೊರಬಂದವಳು. ಜೈಲೆಂಬುದೇ ಬೇಡ ಅಂತ ವಾದಿಸುತ್ತಾಳೆ. ಗುಲಾಮಗಿರಿಯ ನೊಗವೇ ಅಲ್ಲಿ ಜೈಲಾಗಿದೆ ಅನ್ನೋ ಅವಳ ಮಾತು ನಮ್ಮ ಕೈಪಿಡಿಗಳಿಗೂ ಒಪ್ಪುತ್ತದೆ. ಆದರೂ ಆ ತೀರ್ಮಾನವನ್ನು ಹಾಗೇ ಎತ್ತಿ ತರಲು ನನಗೆ ಮನಸ್ಸಿಲ್ಲ. ನಮ್ಮನ್ನು ಸುಟ್ಟವರು ಜೈಲಿನ ಮುಖ ನೋಡುವ ಮೊದಲೇ ಜೈಲು ಬೇಡವಾಗಿಬಿಟ್ಟರೆ ಹೇಗೆ? ಹಾಗಂತ ಪ್ರತಿ ಧರಣಿಯಲ್ಲೂ ಗಲ್ಲು ಹಾಕಿ, ಗಲ್ಲು ಹಾಕಿ ಎಂದು ಕೂಗುವ ನಮ್ಮ ಗೆಳೆಯರ ಜೊತೆಗೂ ನನಗೆ ತಕರಾರಿದೆ. ಹಗ್ಗ ಮೊದಲು ಯಾರ ಕುತ್ತಿಗೆ ಹುಡುಕುತ್ತದೆ ಅಂತ ನಮಗೆ ಗೊತ್ತಿರಬೇಕು. ಇಟಲಿಯ ಬೆಕಾರಿಯಾ 1764ರಲ್ಲೇ ಬರೆದ: ಅಪರಾಧ ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಅದರ ಖಚಿತತೆ. ಕಂಬಾಲಪಲ್ಲಿಯಲ್ಲಿ ಇಲ್ಲವಾದದ್ದು ಅದೇ. ಕೊಪ್ಪಳದ ಮರಕುಂಬಿಯ 2014ರ ದೌರ್ಜನ್ಯಕ್ಕೆ 2024ರ ಅಕ್ಟೋಬರಿನಲ್ಲಿ 98 ಮಂದಿಗೆ ಜೀವಾವಧಿಯಾಯಿತು, ಕುಣಿದಾಡಿದೆವು. ಮರುತಿಂಗಳೇ ಹೈಕೋರ್ಟು ಹೆಚ್ಚಿನವರಿಗೆ ಜಾಮೀನು ಕೊಟ್ಟಿತು. ಅವರಿಗೆ ಪಹಣಿಯ ಕೊರತೆ ಬಂದಿರಲಾರದು.

ಆದ್ದರಿಂದ ಘೋಷಣೆ ಬದಲಾಗಲಿ. ಸಾಕ್ಷಿಗೆ ಊರಾಚೆ ಮನೆ, ದುಡಿಮೆ, ಕಾವಲು ಕೇಳೋಣ. ಮೇಯೋ ಹಾಲಿನಲ್ಲಿ ಶ್ಯೂರಿಟಿ ಇಲ್ಲದೆ ನಿಂತ ಹುಡುಗನಿಗೆ ಸ್ವಂತ ಬಾಂಡಿನ ಮೇಲೆ ಬಿಡುಗಡೆ ಕೇಳೋಣ. ಕೈಪಿಡಿ ತಿದ್ದಲು, ರಿಜಿಸ್ಟರಿನ ಜಾತಿಯ ಕಾಲಂ ಅಳಿಸಲು ಸುಪ್ರೀಂ ಕೋರ್ಟು ರಾಜ್ಯಗಳಿಗೆ ಕೊಟ್ಟದ್ದು ಮೂರು ತಿಂಗಳು. ಆ ಗಡುವು ಎಂದೋ ಮುಗಿದಿದೆ. ಮೇಷ್ಟ್ರುಗಳೆ, ವಿದ್ಯಾರ್ಥಿ ಗೆಳೆಯರೆ, ನಿಮ್ಮ ಜಿಲ್ಲೆಯ ಜೈಲಿಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಕಾಲಂ ಹೋಯಿತೇ, ಕಕ್ಕಸು ತೊಳೆಯುವ ಕೆಲಸ ಹಂಚುವವರು ಯಾರು, ಯಾವ ಲೆಕ್ಕದ ಮೇಲೆ ಎಂದು ಕೇಳಿ. ಬಂದ ಉತ್ತರವನ್ನು ಪತ್ರಿಕೆಗೆ ಕಳಿಸಿ.