ಟಿಐ ಪ್ಲಾಸ್ಮಿಡ್: ಪಠ್ಯ ಬಿಟ್ಟ ಅರ್ಧ ಕಥೆ

ಕಾರವಾರ ತಾಲ್ಲೂಕಿನ ಮಾಜಾಳಿ ಗೋವಾ ಗಡಿಯಲ್ಲಿದೆ. ಅಲ್ಲಿನ ತಪಾಸಣಾ ಠಾಣೆಯಲ್ಲಿ ಅಬಕಾರಿ ಸಿಬ್ಬಂದಿ ವಾಹನದ ನಂಬರು ನೋಡಿ ಸುಮ್ಮನಾಗುವುದಿಲ್ಲ. ಒಳಗಿನ ಸರಕನ್ನೂ ನೋಡುತ್ತಾರೆ. ದ್ವಿತೀಯ ಪಿಯುಸಿ ಜೀವವಿಜ್ಞಾನ ಪಠ್ಯದಲ್ಲಿ ಅಗ್ರೊಬ್ಯಾಕ್ಟೀರಿಯಮ್ ಕುರಿತ ಸಾಲುಗಳನ್ನು ಓದಿದಾಗ ಭೌತವಿಜ್ಞಾನದ ಮೇಷ್ಟ್ರಾದ ನನಗೆ ಈ ಠಾಣೆ ನೆನಪಾಯಿತು. ಪಠ್ಯ ನಂಬರನ್ನು ಸರಿಯಾಗಿಯೇ ಬರೆದುಕೊಂಡಿದೆ. ಸರಕನ್ನು ಮಾತ್ರ ಅರ್ಧ ನೋಡಿದೆ.

ಮೊದಲು ಮೆಚ್ಚಬೇಕಾದ ಅಂಶ. ಮಣ್ಣಿನ ಈ ಬ್ಯಾಕ್ಟೀರಿಯ ತನ್ನ ಟಿ-ಡಿಎನ್‌ಎ ತುಣುಕನ್ನು ಸಸ್ಯಕೋಶಕ್ಕೆ ಸೇರಿಸಿ ಗಂಟು ಬೆಳೆಸುತ್ತದೆ, ಅದರ ಟಿಐ ಪ್ಲಾಸ್ಮಿಡ್ಡನ್ನೇ ನಿರುಪದ್ರವಿಯಾಗಿಸಿ ನಮಗೆ ಬೇಕಾದ ಜೀನ್‌ಗಳ ವಾಹಕವಾಗಿ ಬಳಸಲಾಗಿದೆ ಎಂಬುದನ್ನು ಪಠ್ಯ ಕೆಲವೇ ಸಾಲುಗಳಲ್ಲಿ ಸ್ಪಷ್ಟವಾಗಿ ಹೇಳುತ್ತದೆ. ಆದರೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಉಳಿಯುವುದು 'ಇದು ರೋಗಕಾರಕ ಬ್ಯಾಕ್ಟೀರಿಯ' ಎಂಬ ಮುದ್ರೆ. ಅದು ಪೂರ್ತಿ ಸರಿಯೆ?

ಅಲ್ಲ. ಟಿಐ ಪ್ಲಾಸ್ಮಿಡ್ ಇಲ್ಲದಿದ್ದರೆ ಇದೇ ಬ್ಯಾಕ್ಟೀರಿಯ ಗಂಟು ಉಂಟುಮಾಡಲಾರದು. ರೋಗಶಕ್ತಿಯಿರುವುದು ಸುಮಾರು 2 ಲಕ್ಷ ಬೇಸ್ ಜೋಡಿಗಳ ಈ ಡಿಎನ್‌ಎ ಬಳೆಯಲ್ಲಿ. ಅದಕ್ಕೆ ಎರಡು ಪಯಣಗಳುಂಟು. ಒಂದು, ಟಿ-ಡಿಎನ್‌ಎ ಭಾಗ ಮಾತ್ರ ಸಸ್ಯಕ್ಕೆ ಹೋಗುವುದು. ಇನ್ನೊಂದು, ಇಡೀ ಪ್ಲಾಸ್ಮಿಡ್ಡಿನ ಪ್ರತಿ ನೆರೆಯ ಬ್ಯಾಕ್ಟೀರಿಯಕ್ಕೆ ಹೋಗುವುದು. ಒಂದು ಬ್ಯಾಕ್ಟೀರಿಯದ ರೋಗಶಕ್ತಿ ಇನ್ನೊಂದಕ್ಕೆ ದಾಟುತ್ತದೆಂದು ಆಸ್ಟ್ರೇಲಿಯದ ಅಲೆನ್ ಕೆರ್ 1969ರಲ್ಲೇ ತೋರಿಸಿದ್ದರು. ಗಂಟಿನ ಕೋಶಗಳು ತಯಾರಿಸುವ ಓಪೈನ್‌ಗಳು ಬ್ಯಾಕ್ಟೀರಿಯಕ್ಕೆ ಆಹಾರ. ಕೆಲವು ಓಪೈನ್‌ಗಳು ಈ ವರ್ಗಾವಣೆಗೆ ಸೂಚನೆಯೂ ಹೌದು. ಪಠ್ಯದಲ್ಲಿ ಮೊದಲ ಪಯಣವಿದೆ, ಎರಡನೆಯದಿಲ್ಲ.

ಪಿಯುಸಿಗೆ ಇಷ್ಟು ವಿವರ ಬೇಕೆ ಎಂದು ನೀವು ಕೇಳಬಹುದು. ಬೇಕು, ಏಕೆಂದರೆ ಇದು ತೋಟದ ಪ್ರಶ್ನೆ. ಗಂಟುರೋಗ ತಡೆಯಲು ಸಸಿಯ ಬೇರನ್ನು ಕೆ84 ಎಂಬ ನಿರುಪದ್ರವಿ ಬ್ಯಾಕ್ಟೀರಿಯದ ದ್ರಾವಣದಲ್ಲಿ ಅದ್ದುವ ಪದ್ಧತಿ ಇತ್ತು. ಅದು ಸ್ರವಿಸುವ ಅಗ್ರೋಸಿನ್ ರೋಗಕಾರಕವನ್ನು ಕೊಲ್ಲುತ್ತದೆ. ಆದರೆ ಅಗ್ರೋಸಿನ್ನಿನಿಂದ ರಕ್ಷಿಸಿಕೊಳ್ಳುವ ಜೀನ್ ಇದ್ದದ್ದೂ ಚಲಿಸಬಲ್ಲ ಪ್ಲಾಸ್ಮಿಡ್ಡಿನಲ್ಲೇ! ಅದು ಶತ್ರುವಿಗೆ ದಾಟಿದರೆ ಮದ್ದೇ ವ್ಯರ್ಥ. ಹೀಗಾಗಿ ವರ್ಗಾವಣೆಯ ಭಾಗವನ್ನು ಕತ್ತರಿಸಿ ಕೆ1026 ತಳಿಯನ್ನು ರೂಪಿಸಬೇಕಾಯಿತು.

ನಮ್ಮ ಕರಾವಳಿಗೆ ಇನ್ನೂ ಹತ್ತಿರದ ಉದಾಹರಣೆ ಬದನೆ, ಟೊಮೆಟೊ ಗಿಡಗಳ ದುಂಡಾಣು ಸೊರಗು ರೋಗ. ಕಾರಣ ರಾಲ್‌ಸ್ಟೋನಿಯ. 2002ರಲ್ಲಿ ಇದರ ಒಂದು ತಳಿಯ ಜೀನೋಮ್ ಓದಿದಾಗ 37 ಲಕ್ಷ ಬೇಸ್ ಜೋಡಿಗಳ ಕ್ರೋಮೊಸೋಮಿನ ಜೊತೆಗೆ 21 ಲಕ್ಷದ ಮಹಾಪ್ಲಾಸ್ಮಿಡ್ ಕಂಡಿತು. ರೋಗಕ್ಕೆ ಅತ್ಯಗತ್ಯವಾದ ಹಲವು ಜೀನ್‌ಗಳು ಅದರಲ್ಲಿವೆ. ಈ ಮಹಾಪ್ಲಾಸ್ಮಿಡ್ ಟಿಐ ಪ್ಲಾಸ್ಮಿಡ್ಡಿನಂತೆ ದಾಟುತ್ತದೆಂದು ಭಾವಿಸಬಾರದು. ರಾಲ್‌ಸ್ಟೋನಿಯದ ದಾರಿ ಬೇರೆ: ಅದು ಸುತ್ತಲಿನ ಬಿಡಿ ಡಿಎನ್‌ಎಯನ್ನೇ ಹೀರಿಕೊಳ್ಳಬಲ್ಲದು. ಹೀಗೆ ಬೇರೊಂದು ತಳಿಯ ಡಿಎನ್‌ಎ ಪಡೆದ ಬ್ಯಾಕ್ಟೀರಿಯದ ರೋಗತೀವ್ರತೆ ಹೆಚ್ಚಿದ್ದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಂಡುಬಂದಿದೆ. ಅಂದರೆ ಗಡಿಯಾಚೆಯಿಂದ ಮಣ್ಣುಸಮೇತ ಸಸಿ ತಂದರೆ ರೋಗವಷ್ಟೇ ಅಲ್ಲ, ಹೊಸ ಜೀನ್‌ಗಳೂ ಬರಬಹುದು.

ಅಧ್ಯಾಪಕರು ಪಠ್ಯ ಬದಲಾಗಲೆಂದು ಕಾಯಬೇಕಿಲ್ಲ. ಸೊರಗಿದ ಬದನೆಯ ಕಾಂಡ ಕತ್ತರಿಸಿ, ಅದರ ತುದಿ ಗಾಜಿನ ಲೋಟದ ತಿಳಿನೀರಿಗೆ ತಾಗುವಂತೆ ಹಿಡಿಯಿರಿ. ದುಂಡಾಣು ಸೊರಗಾದರೆ ಹಾಲಿನಂಥ ಎಳೆ ಇಳಿಯುತ್ತದೆ. ಆಗ 'ಇದು ಯಾವ ಬ್ಯಾಕ್ಟೀರಿಯ?' ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: 'ಇದರ ರೋಗಶಕ್ತಿ ಯಾವ ಜೀನ್‌ಗಳಲ್ಲಿದೆ, ಅವು ಎಲ್ಲಿಂದ ಬಂದಿರಬಹುದು?' ಪಠ್ಯ ಬಿಟ್ಟ ಅರ್ಧ ಕಥೆ ಅಲ್ಲಿಂದ ಶುರುವಾಗುತ್ತದೆ.