ಸಾವಿನ ಪಟ್ಟಿಯ ಆ ಒಂದು ಕಾಲಂ

ಕೋವಿಡ್ ಕಾಲದಲ್ಲಿ ನಮ್ಮ ರಾಜ್ಯದ ಜನ ಉಸಿರು ಬಿಗಿಹಿಡಿದು ಓದಿದ ಬರಹವೆಂದರೆ ಆರೋಗ್ಯ ಇಲಾಖೆಯ ದಿನದ ಬುಲೆಟಿನ್. ಸತ್ತವರ ಪಟ್ಟಿಯಲ್ಲಿ ಜಿಲ್ಲೆ, ವಯಸ್ಸು, ರೋಗಲಕ್ಷಣ, ಆಸ್ಪತ್ರೆಗೆ ಸೇರಿದ ದಿನ, ತೀರಿಕೊಂಡ ದಿನ. ಇವುಗಳ ನಡುವೆ ಕೋ-ಮಾರ್ಬಿಡಿಟಿ ಎಂಬ ಕಾಲಂ. ಅದರಲ್ಲಿ ಡಿಎಂ, ಎಚ್‌ಟಿಎನ್, ಐಎಚ್‌ಡಿ. ಅಂದರೆ ಸಕ್ಕರೆ ಕಾಯಿಲೆ, ಬಿಪಿ, ಹೃದ್ರೋಗ. ಟಿವಿಯವರ ಬಾಯಲ್ಲಿ ಅದು ‘ಮೃತರು ಇತರೆ ಕಾಯಿಲೆಗಳಿಂದಲೂ ಬಳಲುತ್ತಿದ್ದರು’ ಎಂದಾಗುತ್ತಿತ್ತು.

ನಮ್ಮ ಮನೆಯಲ್ಲಿ ಈ ಪಟ್ಟಿಯ ಕಟ್ಟಾ ಓದುಗರು ಅಮ್ಮ. ಆಗ ಅವರಿಗೆ ಐವತ್ತಾರು. ಸಕ್ಕರೆ ಏಳು ವರ್ಷದಿಂದ, ಬಿಪಿ ಅದರ ಬೆನ್ನಿಗೇ. ಕನ್ನಡಕ ಏರಿಸಿಕೊಂಡು ಪೇಪರ್ ಹಿಡಿದವರು ಮೊದಲು ವಯಸ್ಸು ನೋಡುವರು, ಆಮೇಲೆ ಕಾಯಿಲೆ. “ಇವಳಿಗೂ ನನ್ನ ವಯಸ್ಸೇ ಕಣೋ. ಶುಗರ್ರೂ ಇತ್ತಂತೆ.” ಅಷ್ಟು ಹೇಳಿ ಪೇಪರ್ ಮಡಿಚಿಡುವರು. ಒಂದು ದಿನ ಅವರ ಬಿಪಿ ಮಾತ್ರೆಯ ಸ್ಟ್ರಿಪ್ ನೋಡಿದೆ. ಒಂಬತ್ತು ಗುಳಿಗೆ ಹಾಗೇ ಕೂತಿದ್ದವು. ಆ ಮಾತ್ರೆ ತಿಂದರೆ ಕೊರೊನಾ ಬೇಗ ಅಂಟುತ್ತದೆ ಎಂದು ವಾಟ್ಸಾಪ್‌ನಲ್ಲಿ ಬಂದಿತ್ತಂತೆ.

ಪಟ್ಟಿ ಸುಳ್ಳು ಹೇಳಲಿಲ್ಲ. ಹತೋಟಿ ತಪ್ಪಿದ ಸಕ್ಕರೆ, ದುರ್ಬಲ ಹೃದಯ, ಸೋತ ಕಿಡ್ನಿ ಇದ್ದವರಿಗೆ ಈ ಸೋಂಕು ಹೆಚ್ಚು ಅಪಾಯಕಾರಿ ಎಂಬುದು ನಿಜವೇ. ಒಂದೊಂದು ಸಾವಿನ ವಿವರವನ್ನೂ ಜನರ ಮುಂದಿಟ್ಟ ಪಾರದರ್ಶಕತೆಯೂ ಸಣ್ಣದಲ್ಲ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು. ಆ 76ರ ಹಿರಿಯರ ಸುದ್ದಿಯ ಜೊತೆಗೇ ಅವರಿಗೆ ಬಿಪಿ, ಅಸ್ತಮಾ ಇದ್ದ ಮಾತೂ ಬಂತು. ಹೇಳುವ ಧಾಟಿ ಅಲ್ಲಿಗೇ ಗಟ್ಟಿಯಾಯಿತು.

ತಕರಾರು ಇರುವುದು ಈ ಧಾಟಿಯ ಬಗ್ಗೆ. ಅದು ಇಬ್ಬರು ಓದುಗರಿಗೆ ಎರಡು ಬೇರೆ ಮಾತು ಹೇಳಿತು. ಕಾಯಿಲೆಯಿಲ್ಲದವನಿಗೆ ‘ನಿನಗೇನಾಗದು’ ಎಂದಿತು. 2021ರ ಎರಡನೇ ಅಲೆ ಆ ಭರವಸೆಯನ್ನು ಎಷ್ಟೋ ಮನೆಗಳಲ್ಲಿ ಮುರಿದುಹಾಕಿತು. ಕಾಯಿಲೆ ಇದ್ದವರಿಗೆ ‘ಮುಂದಿನ ಸಾಲು ನಿನ್ನದು’ ಎಂದಿತು. ಪಟ್ಟಿಯಲ್ಲಿ ಸತ್ತವರಷ್ಟೇ ಇರುತ್ತಾರೆ. ಅದೇ ಸಕ್ಕರೆ, ಅದೇ ಬಿಪಿ ಇಟ್ಟುಕೊಂಡು ಗುಣವಾಗಿ ಮನೆಗೆ ಹೋದವರಿಗೆ ಅಲ್ಲಿ ಸಾಲಿಲ್ಲ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ ದೇಶದ ವಯಸ್ಕರಲ್ಲಿ ಶೇ. 35.5 ಮಂದಿಗೆ ಅಧಿಕ ರಕ್ತದೊತ್ತಡ, ಶೇ. 11.4 ಮಂದಿಗೆ ಮಧುಮೇಹ. ಮೂವರಲ್ಲಿ ಒಬ್ಬರಿಗೆ ಬಿಪಿ ಇರುವ ನಾಡಿನಲ್ಲಿ, ಅರವತ್ತರ ಆಸುಪಾಸಿನವರ ಸಾವಿನ ಮುಂದೆ ‘ಎಚ್‌ಟಿಎನ್’ ಎಂದಷ್ಟೇ ಬರೆದರೆ ಓದುಗರಿಗೆ ಸಿಗುವ ತಿಳಿವಳಿಕೆ ಎಷ್ಟು? ಹತೋಟಿಯಲ್ಲಿತ್ತೇ, ಮಾತ್ರೆ ತಪ್ಪಿತ್ತೇ, ಆಸ್ಪತ್ರೆಗೆ ತಡವಾಗಿ ಬಂದರೇ? ಉಳಿದವರ ಜೀವಕ್ಕೆ ಬೇಕಾಗಿದ್ದ ಆ ಮಾತು ಮೂರಕ್ಷರದ ಸಂಕ್ಷೇಪದಲ್ಲಿ ಹಿಡಿಸಲಿಲ್ಲ.

ಹಾಗೆಂದು ಸಲಹೆಯೇ ಇರಲಿಲ್ಲವೆಂದಲ್ಲ. ಬಿಪಿ ಮಾತ್ರೆ ನಿಲ್ಲಿಸಬೇಡಿ ಎಂದು ಯುರೋಪಿನ ಹೃದ್ರೋಗ ತಜ್ಞರ ಸಂಘ 2020ರ ಮಾರ್ಚ್ 13ರಂದೇ ಹೇಳಿತ್ತು. ದಿನದ ಔಷಧಿ ತಪ್ಪಿಸಬೇಡಿ ಎಂಬ ಮಾತು ಹಿರಿಯರಿಗಾಗಿ ಕೇಂದ್ರ ಸರ್ಕಾರ ಹೊರಡಿಸಿದ ಸೂಚನೆಯಲ್ಲೂ ಇತ್ತು. ನಮ್ಮ ಸರ್ಕಾರ ಆಪ್ತಮಿತ್ರ ಸಹಾಯವಾಣಿ ತೆರೆದಿತ್ತು. 14410ಕ್ಕೆ ಕರೆ ಮಾಡಿ ಕೇಳಬಹುದಿತ್ತು. ಆದರೆ ಭಯ ಒಂದು ಹಾಳೆಯಲ್ಲಿ, ಅದರ ಮದ್ದು ಇನ್ನೊಂದು ಹಾಳೆಯಲ್ಲಿ. ಭಯದ ಹಾಳೆ ದಿನವೂ ಮನೆ ಬಾಗಿಲಿಗೆ ಬಂತು. ಮದ್ದಿನ ಹಾಳೆಯನ್ನು ನಾವೇ ಹುಡುಕಿಕೊಂಡು ಹೋಗಬೇಕಿತ್ತು.

ಲಸಿಕೆಯ ಹೊತ್ತಿಗೆ ಕೋ-ಮಾರ್ಬಿಡಿಟಿ ಎಂಬ ಈ ಪದ ಇನ್ನೊಂದು ವೇಷ ಹಾಕಿತು. 2021ರ ಮಾರ್ಚ್ 1ರಿಂದ 45ರಿಂದ 59ರವರೆಗಿನ ಕಾಯಿಲೆಯವರಿಗೆ ಲಸಿಕೆ ಎಂದಾಗ ಅಮ್ಮ ಗೆಲುವಾದರು. ಆದರೆ ಅದಕ್ಕೆ 20 ಕಾಯಿಲೆಗಳ ಬೇರೆಯೇ ಪಟ್ಟಿ, ಜೊತೆಗೆ ವೈದ್ಯರ ಪ್ರಮಾಣಪತ್ರ. ಸಕ್ಕರೆಯವರಾದರೆ ಕಾಯಿಲೆಗೆ ಹತ್ತು ವರ್ಷ ದಾಟಿರಬೇಕು ಇಲ್ಲವೇ ಅದರಿಂದ ಬೇರೆ ತೊಂದರೆ ಆಗಿರಬೇಕು. ಮೇಲೆ ಬಿಪಿಗೂ ಚಿಕಿತ್ಸೆ ನಡೆಯುತ್ತಿರಬೇಕು. ಅಮ್ಮನ ಸಕ್ಕರೆಗೆ ಎಂಟೇ ವರ್ಷ. “ಸಾಯೋ ಪಟ್ಟಿಗಾದ್ರೆ ನನ್ನ ಶುಗರ್ ಸಾಕು, ಸೂಜಿ ಪಟ್ಟಿಗೆ ಸಾಲದೇನೋ?” ಎಂದರು. ಲಸಿಕೆ ಕಡಿಮೆಯಿದ್ದಾಗ ಸರದಿ ಬೇಕೇ ಬೇಕು, ಒಪ್ಪೋಣ. ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ಬಾಗಿಲು ತೆರೆದಿದ್ದೂ ನಿಜ. ಆದರೂ ಅಮ್ಮನ ಆ ಒಂದು ಸಾಲಿಗಿಂತ ಖಾರವಾದ ವಿಮರ್ಶೆಯನ್ನು ನಾನು ಬರೆಯಲಾರೆ.

ನಿಲ್ಲಿಸಿದ್ದ ಮಾತ್ರೆಯನ್ನು ಮತ್ತೆ ಶುರು ಮಾಡಿಸಿದ್ದು ಬೀದಿ ಕೊನೆಯ ಮೆಡಿಕಲ್ ಶಾಪಿನ ಹುಡುಗ. ಕೌಂಟರಿಗೆ ಅಡ್ಡ ಕಟ್ಟಿದ್ದ ಹಗ್ಗದಾಚೆಯಿಂದ ಅವನು ಹೇಳಿದ್ದು ಇಷ್ಟೇ: “ಬಿಡ್ಬೇಡಿ ಅಮ್ಮ. ಡಾಕ್ಟರಿಗೆ ಫೋನ್ ಮಾಡಿ ಕೇಳಿ ಬೇಕಾದ್ರೆ. ತಿಂಗಳದ್ದು ಒಟ್ಟಿಗೇ ಕೊಡ್ತೀನಿ, ಪದೇ ಪದೇ ಹೊರಗೆ ಬರ್ಬೇಡಿ.” ಆ ಮೂರು ವಾಕ್ಯದಲ್ಲಿ ತಿಳಿವಳಿಕೆ ಇತ್ತು, ಮಾಡಲು ಕೆಲಸ ಇತ್ತು, ಬದುಕಿರುವವರ ಜೊತೆ ಆಡುವ ದನಿ ಇತ್ತು. ಇನ್ನೊಂದು ಸಾಂಕ್ರಾಮಿಕ ಬಂದರೆ ಇಲಾಖೆ ಆ ಕಾಲಂ ಅನ್ನು ಕಿತ್ತುಹಾಕಬೇಕಿಲ್ಲ. ಅದರ ಕೆಳಗೆ ಆ ಹುಡುಗನ ಮಾತನ್ನು ಅಚ್ಚು ಹಾಕಿಸಿದರೆ ಸಾಕು.