‘ದಿ ಗರ್ಲ್ ಆನ್ ದಿ ಟ್ರೇನ್’: ಕಾದಂಬರಿ ಮತ್ತು ಚಿತ್ರ

ಜನಪ್ರಿಯ ಕಾದಂಬರಿಯೊಂದು ಚಿತ್ರವಾದಾಗ ಅದು ಮೂಲದಂತಿಲ್ಲವೆಂದು ಆಕ್ಷೇಪಿಸುವುದು ವಾಚಕರ ವಾಡಿಕೆ. ಈ ಆಕ್ಷೇಪಣೆ ಬಹುಮಟ್ಟಿಗೆ ಅನ್ಯಾಯವಾದುದು. ಅಕ್ಷರದ ಧರ್ಮ ಬೇರೆ, ತೆರೆಯ ಧರ್ಮ ಬೇರೆ. ಏನನ್ನು ಬಿಟ್ಟರೆಂಬುದಕ್ಕಿಂತ, ಕಥೆಯ ಪ್ರಾಣವನ್ನು ಉಳಿಸಿಕೊಂಡರೇ ಎಂದು ಕೇಳುವುದೇ ಉಚಿತ. ಪಾಲಾ ಹಾಕಿನ್ಸ್ ಎಂಬ ಲೇಖಕಿ 2015ರಲ್ಲಿ ಪ್ರಕಟಿಸಿ, ಲಕ್ಷಾಂತರ ಜನರು ಕೊಂಡೋದಿದ ‘ದಿ ಗರ್ಲ್ ಆನ್ ದಿ ಟ್ರೇನ್’ ಎಂಬ ಪತ್ತೇದಾರಿ ಕಾದಂಬರಿಯನ್ನೂ, ಟೇಟ್ ಟೇಲರ್ ಅವರು 2016ರಲ್ಲಿ ತೆರೆಗೆ ತಂದ ಅದರ ಚಿತ್ರವನ್ನೂ ಈ ದೃಷ್ಟಿಯಿಂದ ನೋಡಬಹುದು.

ರೇಚಲ್ ಎಂಬಾಕೆ ಕುಡಿತದಿಂದ ಸಂಸಾರವನ್ನೂ ಉದ್ಯೋಗವನ್ನೂ ಕಳೆದುಕೊಂಡವಳು. ಆದರೂ ದಿನವೂ ಬೆಳಗ್ಗೆ 8.04ರ ಗಾಡಿಯನ್ನೇರಿ ಲಂಡನ್ನಿನ ಯೂಸ್ಟನ್ ನಿಲ್ದಾಣಕ್ಕೆ ಹೋಗುತ್ತಾಳೆ. ಸಿಗ್ನಲ್ಲಿನ ಬಳಿ ಗಾಡಿ ತಡೆದು ನಿಂತಾಗ ಹಳಿಯ ಪಕ್ಕದ ಮನೆಯ ದಂಪತಿಗಳನ್ನು ಕಂಡು, ಅವರಿಗೆ ತಾನೇ ಹೆಸರಿಟ್ಟು, ಅವರ ಸುಖವನ್ನು ಕಲ್ಪಿಸಿಕೊಳ್ಳುತ್ತಾಳೆ. ಅದೇ ಬೀದಿಯಲ್ಲಿ ಆಕೆ ಹಿಂದೆ ಬಾಳಿದ ಮನೆ. ಅಲ್ಲೀಗ ಆಕೆಯನ್ನು ಬಿಟ್ಟ ಗಂಡ ಹೊಸ ಹೆಂಡತಿಯೊಡನೆ ಇದ್ದಾನೆ. ಒಂದು ದಿನ ಆ ದಂಪತಿಗಳಲ್ಲಿ ಹೆಂಡತಿ ಕಾಣೆಯಾಗುತ್ತಾಳೆ. ಆ ರಾತ್ರಿ ತಾನೂ ಅಲ್ಲಿಗೆ ಹೋಗಿದ್ದೆನೆಂಬುದಷ್ಟೇ ರೇಚಲಳಿಗೆ ಗೊತ್ತು, ಉಳಿದುದೆಲ್ಲ ಕತ್ತಲು.

ಅಪರಾಧಿ ಯಾರೆಂಬುದು ಈ ಕೃತಿಯ ಹೊರಗಿನ ಪ್ರಶ್ನೆ. ತನ್ನ ನೆನಪನ್ನೇ ನಂಬಲಾರದ ಹೆಂಗಸು, ಪರರು ತನ್ನನ್ನು ಕುರಿತು ಹೇಳಿದುದನ್ನೆಲ್ಲ ನಿಜವೆಂದು ಒಪ್ಪಿ ಬಾಳಬೇಕೆ ಎಂಬುದು ಒಳಗಿನ ಪ್ರಶ್ನೆ. ಮೂವರು ಹೆಂಗಸರು ಸರದಿಯ ಮೇಲೆ ತಮ್ಮ ಬಾಯಿಂದಲೇ ಕಥೆ ಹೇಳುವುದರಿಂದ ವಾಚಕನೂ ಅವರೊಡನೆ ಸಂಶಯದಲ್ಲಿ ತೊಳಲುತ್ತಾನೆ.

ಚಿತ್ರದಲ್ಲಿ ಕಥೆಯನ್ನು ನ್ಯೂಯಾರ್ಕಿನ ಹೊರವಲಯಕ್ಕೆ ಸಾಗಿಸಿದ್ದಾರೆ. ಸ್ಥಳ ಬದಲಾದುದೇ ದೋಷವಲ್ಲ. ಆದರೆ ಹಳಿಗೆ ಬೆನ್ನು ಮಾಡಿ ನಿಂತ ಸಾಮಾನ್ಯರ ಮನೆಗಳಿದ್ದೆಡೆ ವಿಶಾಲವಾದ ಭವನಗಳು ಬಂದುವು. ತಾನು ಕಳೆದುಕೊಂಡುದನ್ನು ದಿನವೂ ಹತ್ತಿರದಿಂದ ಕಾಣಬೇಕಾದ ಸಂಕಟ ಅದರಿಂದ ತೆಳುವಾಯಿತು.

ಇದಕ್ಕಿಂತ ದೊಡ್ಡ ಕೊರತೆ ನೆನಪಿನ ನಿರೂಪಣೆಯಲ್ಲಿದೆ. ಪುಸ್ತಕದಲ್ಲಿ ನೆನಪು ಮಾತಾಗಿ ಬರುತ್ತದೆ, ಮಾತನ್ನು ಶಂಕಿಸಬಹುದು. ತೆರೆಯ ಮೇಲೆ ಕಂಡುದನ್ನು ಪ್ರೇಕ್ಷಕನು ನಡೆದುದೆಂದೇ ನಂಬುತ್ತಾನೆ. ಔತಣವೊಂದರಲ್ಲಿ ರೇಚಲ್ ರಂಪ ಮಾಡಿದಳೆಂದು ಮೊದಲು ಚಿತ್ರ ತೋರಿಸುತ್ತದೆ. ಅದು ಹಾಗೆ ನಡೆಯಲಿಲ್ಲವೆಂದು ಬಹಳ ಹೊತ್ತಿನ ಮೇಲೆ ಇನ್ನೊಂದು ಪಾತ್ರದ ಬಾಯಿಂದ ಹೇಳಿಸುತ್ತದೆ. ಇದು ಒಳ್ಳೆಯ ಉಪಾಯವೇ. ಆಕೆಯನ್ನು ತಪ್ಪಾಗಿ ತಿಳಿದ ನಾಚಿಕೆ ಅಲ್ಲಿ ನಮಗೂ ತಟ್ಟಬೇಕಾಗಿತ್ತು. ಆದರೆ ಆ ನಾಚಿಕೆಗೆ ಎಡೆಗೊಡದೆ ಚಿತ್ರ ಅಪರಾಧಿಯ ಕಡೆಗೆ ಧಾವಿಸುತ್ತದೆ. ಆಕೆಯ ಜೀವನದ ಸತ್ಯ ಕೇವಲ ಪತ್ತೆಯ ಸುಳಿವಾಗಿ ಉಳಿಯುತ್ತದೆ.

ರೇಚಲಳಾಗಿ ಎಮಿಲಿ ಬ್ಲಂಟ್ ಅವರ ಅಭಿನಯ ಶ್ಲಾಘ್ಯವೆನ್ನದೆ ವಿಧಿಯಿಲ್ಲ. ಚಿತ್ರ ಮರೆತ ಪ್ರಶ್ನೆಯನ್ನು ಆಕೆಯ ಮುಖ ಮರೆತಿಲ್ಲ. ಆದರೂ ಪುಸ್ತಕವನ್ನು ಓದದವರು ಚಿತ್ರವನ್ನು ಮೊದಲು ನೋಡದಿರುವುದೇ ಲೇಸು. ಅಪರಾಧಿಯ ಗುಟ್ಟನ್ನು ಚಿತ್ರವೂ ಹೇಳುತ್ತದೆ. ರೇಚಲಳ ಸಂಕಟವನ್ನು ಪೂರ್ತಿಯಾಗಿ ತಿಳಿಯಬೇಕಾದರೆ ಪುಸ್ತಕಕ್ಕೇ ಹೋಗಬೇಕು.